ಕಾಲು ಅಲ್ಲಾಡಸಬ್ಯಾಡ ಅಂತ ಬೈಸ್ಕೊಂಡು ದೊಡ್ಡವ್ರಾದ ಆಟಿಸಂ ಮಂದಿ, ನೀವು ದಿನಾ ಏನೇನ್ ಮಾಡ್ತೀರಿ?

ಚಾವಿಗೊಂಚಲ, ಹುಬ್ಬಳ್ಳಿ

ಎಲ್ಲಾರಿಗೂ ನಮಸ್ಕಾರ್ರಿ. ನನಗ 36 ವಯಸ್ಸು, ಅಮರಗೋಳ ಎಪಿಎಂಸಿ ಒಳಗ ಒಂದು ದಲಾಲಿ ಅಂಗಡ್ಯಾಗ ಲೆಕ್ಕಾ ಬರಿತೀನಿ. ಎರಡು ವರ್ಷದ ಹಿಂದ ಡಾಕ್ಟರ್ ಆಟಿಸಂ ಅಂತ ಬರದು ಕೊಟ್ರು. ಅದಕ್ಕಿಂತ ಮದಲ 34 ವರ್ಷ ನಾನು ಬರೇ 'ಕೈ ಸುಮ್ನಿರದ ಹುಡುಗ'.

ವಿಷಯ ಏನಂದ್ರ, ಕೈ ಕಾಲು ಬಾಯಿ ಒಂದ ನಮೂನಿ ಮತ್ತ ಮತ್ತ ಆಡಸೋದು, ಇಂಗ್ಲೀಷಿನ್ಯಾಗ ಅದಕ್ಕ ಸ್ಟಿಮಿಂಗ್ ಅಂತಾರ. ನನ್ನ ಕಿಸೇದಾಗ ಯಾವಾಗ್ಲೂ ಒಂದು ಚಾವಿಗೊಂಚಲ ಇರ್ತೈತಿ. ಒಂಬತ್ತು ಚಾವಿ, ಅದ್ರಾಗ ಆರು ಯಾವ ಕೀಲಿಗೂ ಹತ್ತಂಗಿಲ್ಲ, ಹಳೇ ಬಾಡಿಗಿ ಮನೀವು, ಸೈಕಲ್ಲಿಂದು, ಒಂದು ಅಜ್ಜನ ಟ್ರಂಕಿಂದು. ಟ್ರಂಕ ಗುಜರಿಗೆ ಹೋಗಿ ಇಪ್ಪತ್ತು ವರ್ಷ ಆತು. ಆದ್ರ ಅವನ್ನ ಒಂದೊಂದಾಗಿ ಹೆಬ್ಬೆರಳಿಂದ ದಾಟಸ್ಕೋತ ಹೋದ್ರ ತಲ್ಯಾಗಿನ ಗದ್ಲ ಇಳಿತೈತಿ. ಟ್ರಂಕಿನ ಚಾವಿ ಹಲ್ಲು ಸವದು ನುಣ್ಣಗ ಆಗೇತಿ, ಅದು ಬಂದಾಗ ಒಂಚೂರು ನಿಂದ್ರತೀನಿ, ಮತ್ತ ಮುಂದ. ಹುಬ್ಬಳ್ಳಿ-ಧಾರವಾಡ ನಡಕ ಓಡೋ ಚಿಗರಿ ಬಸ್ಸಿನ್ಯಾಗ ಮುಂದಿನ ನಿಲ್ದಾಣ ಅಂತ ಹೆಣ್ಮಗಳ ಧ್ವನಿ ಬರ್ತೈತಲ್ಲ, ಅದನ್ನ ಬಾಯಾಗ ಹಂಗ ಅಂದ್ಕೋತ ಹೊಕ್ಕೇನಿ, ಉಣಕಲ್, ಭೈರಿದೇವರಕೊಪ್ಪ, ನವನಗರ, ಅದ ರಾಗದಾಗ. ಇಳದ ಮ್ಯಾಲೂ ಅಂಗಡಿ ಮುಟ್ಟೂತನಕ ನಡಿತೈತಿ. ಮನ್ಯಾಗ ನಿಂತು ಮಾತಾಡುವಾಗ ಮುಂಗಾಲು ಹಿಂಗಾಲು ಮಾಡ್ಕೋತ ತೂಗತೀನಿ, ನಮ್ಮವ್ವ 'ಕಾಲು ನೆಲಕ್ಕ ಊರಲೇ, ದೆವ್ವ ಹೊಕ್ಕಂಗ ಆಡಬ್ಯಾಡ' ಅಂತಾಳ.

ಕಳದ ವಾರ ಮಾಲಕ್ರು ಕರದು ಹೇಳಿದ್ರು, ರೈತರು ಪಟ್ಟಿ ಇಸ್ಕೊಳ್ಳಾಕ ಬಂದಾಗ ಚಾವಿ ಸಪ್ಪಳ ಮಾಡಬ್ಯಾಡಪಾ, ಇಂವ ಅಂಗಡಿ ಮುಚ್ಚಾಕ ಎದ್ದಾನ ಅಂತ ತಿಳದು ಅವಸರಾ ಮಾಡ್ತಾರ ಅಂತ. ಬೈದು ಹೇಳಲಿಲ್ಲ, ನಕ್ಕೋತನ ಹೇಳಿದ್ರು, ಮತ್ತ ಖರೇನೂ ಹೌದು. ಹಂಗಾಗಿ ನಾಲ್ಕು ದಿನ ಚಾವಿ ಮನ್ಯಾಗ ಬಿಟ್ಟು ಹೋದೆ. ಮೂರನೇ ದಿನ 18 ಚೀಲ ಇದ್ದದ್ದನ್ನ 81 ಅಂತ ಬರದೆ. ಹದಿಮೂರು ವರ್ಷದಾಗ ಅಂಥಾ ತಪ್ಪು ಮಾಡಿಲ್ಲ. ಸಂಜಿಕೆ ಮನಿಗೆ ಬಂದು ಚಪ್ಪಲ್ ಸುದ್ದಾ ಬಿಡದ ಕಟ್ಟಿ ಮ್ಯಾಲ ಕುಂತೆ, ಅವ್ವ ಚಾ ಬೇಕೇನು ಅಂತ ಕೇಳಿದ್ರ ಹೂಂ ಅನ್ನಾಕೂ ಬಾಯಿ ಬರಲಿಲ್ಲ.

ಅದಕ್ಕ ಕೇಳಾಕತ್ತೇನಿ. ದೊಡ್ಡವ್ರಾದ ಮ್ಯಾಲ ನೀವು ಏನೇನ್ ಮಾಡ್ತೀರಿ, ಯಾರರ ಬಂದ್ ಮಾಡೀರೇನು, ಮಾಡಿದ್ರ ಏನಾತು?

ಬೆಟಗೇರಿ_ದಡಿ, ಗದಗ

ಚಾವಿ ಅಣ್ಣಾರ, ನಿಮ್ಮದು ಓದಿ ಹಂಗ ಕುಂತುಬಿಟ್ಟೆ. ನನಗ 41. ನಮ್ಮದು ನೇಕಾರ್ರ ಮನಿ, ಬೆಟಗೇರ್ಯಾಗ. ಹದಿನಾಲ್ಕನೇ ವಯಸ್ಸಿನಿಂದ ಕುಣಿಮಗ್ಗದಾಗ ಕುಂತೇನಿ. ಕಾಲಾಗ ತುಳಿ, ಲಾಳಿ ಒಗಿ, ಖಟ್ ಅಂತ ಹಣಗಿ ಬಡಿ, ಮತ್ತ ತುಳಿ. ದಿನಕ್ಕ ಎಂಟು ತಾಸು ಮೈ ಹಿಂದ ಮುಂದ ತೂಗತಿತ್ತು, ಯಾರೂ ಏನೂ ಅನ್ನಲಿಲ್ಲ, ಯಾಕಂದ್ರ ಅದ್ರಿಂದ ಸೀರಿ ಬರ್ತಿತ್ತು ಸೀರಿಯಿಂದ ರೊಕ್ಕ ಬರ್ತಿತ್ತು. 'ಹುಡುಗಿ ಭಾಳ ತಾಳ್ಮಿದಾಕಿ, ಎದ್ದೇಳಂಗ ಇಲ್ಲ' ಅಂತ ಹೊಗಳ್ತಿದ್ರು ಬ್ಯಾರೆ!

ಮಗ್ಗ ನಿಂತು ಸೀರಿ ಅಂಗಡ್ಯಾಗ ಕೆಲಸಕ್ಕ ಸೇರಿದೆ. ಆವಾಗ ನೋಡ್ರಿ, ಅದ ಮೈ ತೂಗೋದು ರೋಗ ಆತು. ಗಿರಾಕಿ ಮುಂದ ನಿಂತು ತೂಗತಿದ್ರ ಜೊತೀಗಿನ ಹುಡುಗ್ಯಾರು ಕಿಸಿಕಿಸಿ ನಗೋದು. ಈಗ ಏನ್ ಮಾಡ್ತೀನಿ ಅಂದ್ರ ಕೈಯಾಗ ಒಂದು ಸೀರಿ ಹಿಡ್ಕೊಂಡ ಇರ್ತೀನಿ, ದಡಿ ಎಳಿ ಮ್ಯಾಲ ಉಗುರು ಆಡಸ್ಕೋತ. ಇಳಕಲ್ ದಡಿ ಇದ್ರ ಛಲೋ, ಗಟ್ಟಿ ಇರ್ತದ, ಗೀರಿದ್ರ ಝುರ್ರ್ ಅಂತದ. ಪಾಲಿಸ್ಟರ್ ಸೀರಿ ಮುಟ್ಟಿದ್ರ ಹಲ್ಲು ಚುಳ್ ಅಂತಾವ, ಅವನ್ನ ಬ್ಯಾರೇದವ್ರಿಗೆ ತೋರಸಾಕ ಕೊಡ್ತೀನಿ.

ನನಗ ಆಟಿಸಂ ಐತಿ ಅಂತ ಗೊತ್ತಾಗಿದ್ದ ಮಗನಿಂದ. ಅವನ್ನ ಆರು ವರ್ಷಕ್ಕ ತೋರಸಾಕ ಒಯ್ದಾಗ ಡಾಕ್ಟರ್ ಬಾಯಿ ಒಂದೊಂದ ಕೇಳ್ತಿದ್ರು, ಇಂವ ಹಿಂಗ ಮಾಡ್ತಾನೇನು ಹಂಗ ಮಾಡ್ತಾನೇನು. ನಾ ಎಲ್ಲಾದಕ್ಕೂ 'ಅದನ್ನ ನಾನೂ ಮಾಡ್ತೀನಲ್ರಿ, ಅದ್ರಾಗೇನೈತಿ' ಅಂದೆ. ಅವ್ರು ಪೆನ್ನು ಕೆಳಗಿಟ್ಟು ನನ್ನ ಮಾರಿ ನೋಡಿದ್ರು.

ಸವಣೂರ_ಎಲಿ

ತಪ್ಪ ತಿಳಿಬ್ಯಾಡ್ರಿ, ಆದ್ರ ಇದೆಲ್ಲಾ ಏನ್ ಹೊಸಾ ಫ್ಯಾಶನ್ರಿ? ನಮ್ಮ ಕಾಕಾ ಊಟಕ್ಕ ಕುಂತ್ರ ಕಾಲು ಅಲ್ಲಾಡಸ್ತಾನ, ನಮ್ಮ ಮಾಸ್ತರು ಖಡು ಮುರದು ಮುರದು ಎಸಿತಿದ್ರು, ನಾನೂ ಫೋನಿನ್ಯಾಗ ಮಾತಾಡುವಾಗ ಅಂಗಳದಾಗ ನೂರು ಸುತ್ತು ಹಾಕ್ತೀನಿ. ಹಂಗಾರ ನಮಗೆಲ್ಲಾ ಆಟಿಸಂ ಏನು? ಚಟಕ್ಕ ಇಂಗ್ಲೀಷ್ ಹೆಸರು ಕೊಟ್ರ ಆತು, ಕಾಯಿಲೆ ಆಗಿಬಿಡ್ತೈತಿ.

ಮೂಕಪೆನ್ನು, ಧಾರವಾಡ

ಸವಣೂರ ಅಣ್ಣಾರ ಕೇಳಿದ್ದು ಸರಿ ಅದ, ಬರೇ ಕೇಳಿದ ಧಾಟಿ ಖಾರ ಅದ. ಹೌದ್ರಿ, ಎಲ್ಲಾರೂ ಮಾಡ್ತಾರ. ಕಾಲು ಅಲ್ಲಾಡಿಸಿದ್ರ ದರಿದ್ರ ಬರ್ತದ ಅಂತ ನಮ್ಮ ಹಿರೇರು ಗಾದಿಗತೆ ಹೇಳಬೇಕಾದ್ರ ಮನಿಗೊಬ್ಬರು ಅಲ್ಲಾಡಿಸ್ತಿರ್ಲೇಬೇಕು. ಸ್ಟಿಮಿಂಗ್ ಒಂದರಿಂದ ಯಾರೂ ಯಾರಿಗೂ ಆಟಿಸಂ ಅಂತ ಬರದು ಕೊಡೂದಿಲ್ಲ. ಮಂದಿ ಜೊತಿ ಮಾತು, ಒಡನಾಟದಾಗ ಸಣ್ಣಂದಿನಿಂದ ಇರೋ ಫರಕು, ಅದರ ಜೊತಿಗೆ ಇದು, ಎರಡೂ ಕೂಡಿದ್ರ ಮಾತ್ರ. 2013ರಾಗ ಡಿಎಸ್‌ಎಂ, ಅಂದ್ರ ಮನಸಿನ ತೊಂದರಿ ಗುರುತಿಸ್ಲಿಕ್ಕೆ ಡಾಕ್ಟರ್‌ಗಳು ನೋಡೋ ಅಮೆರಿಕಾದ ಪುಸ್ತಕ, ಅದರ ಐದನೇ ಆವೃತ್ತಿ ಬಂತಲ್ಲ, ಆವಾಗ ಸಪ್ಪಳ, ಬೆಳಕು, ಬಟ್ಟಿ ಇವು ಹೆಚ್ಚಾಗಿ ಚುಚ್ಚೋದು ಇಲ್ಲಾ ಗೊತ್ತ ಆಗದೇ ಇರೋದು ಅನ್ನೋದನ್ನೂ ಅದರ ಲಕ್ಷಣದಾಗ ಸೇರಿಸಿದ್ರು. ಹೊಸಾ ಫ್ಯಾಶನ್ ಅಂತೂ ಅಲ್ರಿ. 1943ರಾಗ ಅಮೆರಿಕಾದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇದ್ದ 11 ಮಕ್ಕಳ ಬಗ್ಗೆ ಬರದಾಗ ಮದಲನೇ ಹುಡುಗನ ಬಗ್ಗೆನ ಹೇಳ್ಯಾರ, ಉರುಟು ಇದ್ದ ಸಾಮಾನು ಏನು ಸಿಕ್ರೂ ಅಡಗಿಮನಿ ಭಾಂಡಿ ಸುದ್ದಾ ನೆಲದ ಮ್ಯಾಲ ತಿರುಗಿಸ್ತಿದ್ದ ಅಂತ.

ಫರಕು ಎಲ್ಲೆದ ಅಂದ್ರ, ನಿಮ್ಮ ಕಾಕಾಗ 'ಕಾಲು ನಿಲ್ಲಸ್ರಿ' ಅಂದ್ರ ನಿಲ್ಲಿಸಿ ಊಟಾ ಮುಂದುವರಿಸ್ತಾರ. ನನಗ ನಿಲ್ಲಸು ಅಂದ್ರ ಊಟಾ ಮಾಡ್ಲಿಕ್ಕೆ ಆಗೂದಿಲ್ಲ, ಯಾಕಂದ್ರ ಇದ್ದ ತಾಕತ್ತೆಲ್ಲಾ ಕಾಲು ಹಿಡ್ಕೊಳ್ಳೋದಕ್ಕ ಹೋಗ್ತದ.

ಒಂದು ಉದಾಹರಣಿ ಹೇಳ್ತೀನಿ, ಉದ್ದ ಆಗ್ತದ, ಕ್ಷಮಿಸ್ರಿ. ನನಗ 28. ಹೋದ ವರ್ಷ ಕನ್ಯಾ ನೋಡ್ಲಿಕ್ಕೆ ಬಂದಿದ್ರು. ನನಗ ಬೆರಳು ತುದಿ ಒಂದಕ್ಕೊಂದು ತಿಕ್ಕೋ ರೂಢಿ, ಹೆಬ್ಬೆರಳು ನಾಲ್ಕೂ ಬೆರಳಿಗೆ ಹೋಗಿ ವಾಪಸ್ ಬರ್ತದ, ಜೊತಿಗೆ ಗಂಟಲದಾಗ ಸಣ್ಣ ಹೂಂ ಹೂಂ ಸಪ್ಪಳ. ಅವ್ವಗ ಗೊತ್ತಿತ್ತು, ಹಂಗಾಗಿ ಮದಲ ಹೇಳಿದ್ಲು, ಕೈ ಸೆರಗಿನ ಕೆಳಗ ಇಟ್ಕೊಂಡು ಅದರ ಮ್ಯಾಲ ಕೂತಬಿಡು ಅಂತ. ಹಂಗ ಕೂತೆ ನೋಡ್ರಿ, ಒಂದು ತಾಸು ಇಪ್ಪತ್ತು ಮಿನಿಟು. ಹಾಲ್‌ನ್ಯಾಗ ಫ್ಯಾನು ಕಿರಕಿರ ಅಂತಿತ್ತು, ಯಾರೋ ಮಲ್ಲಿಗಿ ಸೆಂಟು ಹೊಡಕೊಂಡ್ ಬಂದಿದ್ರು, ಎಲ್ಲಾರೂ ಒಮ್ಮೆಲೇ ಮಾತಾಡ್ಲಿಕತ್ತಿದ್ರು. ಹುಡುಗನ ಅಕ್ಕ ನನ್ನ ಏನೋ ಕೇಳಿದ್ರು, ಬಾಯಿ ಆಡೋದು ಕಾಣಸ್ತಿತ್ತು, ಮಾತು ತಿಳಿಲಿಲ್ಲ. ನಾನು ನಕ್ಕೆ. ಎಲ್ಲಾರೂ 'ಹುಡುಗಿ ಭಾಳ ಶಾಂತ' ಅಂದ್ರು. ಅವ್ರು ಹೋದ ಮ್ಯಾಲ ಕೈ ತಗದ್ರ ಎರಡೂ ಜೋಮು ಹಿಡದಿದ್ವು, ಸೀರಿ ಜರಿ ಅಂಗೈಯಾಗ ಅಚ್ಚು ಒತ್ತಿತ್ತು. ಅವತ್ತು ರಾತ್ರಿ ಬಚ್ಚಲಮನ್ಯಾಗ ಬಾಗಲಾ ಹಾಕ್ಕೊಂಡು ಎರಡು ತಾಸು ತೂಗೀನಿ, ಮರುದಿನ ಒಂದು ಮಾತೂ ಬರಲಿಲ್ಲ. ಹುಡುಗನ ಮನಿಯವ್ರು ಹೂಂ ಅಂದಿದ್ರು. ನಾ ಒಲ್ಲೆ ಅಂದೆ, ದಿನಾ ಕೈ ಮ್ಯಾಲ ಕೂತು ಸಂಸಾರ ಮಾಡ್ಲಿಕ್ಕೆ ಆಗ್ತದೇನ್ರಿ?

ಹಿಂಗ ಮಂದಿ ಮುಂದ ಮುಚ್ಚಿಡೋದಕ್ಕ ಮಾಸ್ಕಿಂಗ್ ಅಂತಾರ. 2019ರಾಗ ಸ್ಟೀವನ್ ಕ್ಯಾಪ್ ಅನ್ನೋ ಸಂಶೋಧಕರು ಮತ್ತ ಜೊತೀಗಿನವ್ರು 32 ಮಂದಿ ಆಟಿಸಂ ಇದ್ದ ದೊಡ್ಡವ್ರನ್ನ ಮಾತಾಡಿಸಿ ಸ್ಟಿಮಿಂಗ್ ಬಗ್ಗೆ ಬರದಾರ. ಮನಸು ತುಂಬಿ ಹರಿದಾಗ ತಡಕೊಳ್ಳಿಕ್ಕೆ, ಮಂದಿ ಗದ್ಲ ಹೆಚ್ಚಾದಾಗ ಒಂದು ಹಿಡಪು ಸಿಗ್ಲಿಕ್ಕೆ ಮಾಡ್ತೀವಿ, ಅದನ್ನ ಬಿಡಿಸೋ ಚಿಕಿತ್ಸಾ ನಮಗ ಬ್ಯಾಡ ಅಂತ ಅವ್ರು ಹೇಳ್ಯಾರ. ಓದಿದಾಗ ಅನಿಸ್ತು, ನಮ್ಮ ಮನಿ ಬಚ್ಚಲದಾಗಿನ ಮಾತು ಇವ್ರಿಗೆ ಹೆಂಗ ಕೇಳಿಸ್ತು ಅಂತ.

ಬೇರಿಂಗ್_ಬಸ್ಯಾ, ಹಾವೇರಿ

ಕೈ ಮ್ಯಾಲ ಕುಂದ್ರೋದು 😀 ನಮ್ಮವ್ವನೂ ಅದ ಹೇಳ್ತಿದ್ಲು ಸಾಲಿಗೆ ಹೋಗುವಾಗ.

ನಂದು ಗ್ಯಾರೇಜ್, ಟೂ ವೀಲರ್. ನಾನು ಹಳೇ ಬೇರಿಂಗ್ ಒಗಿಯಂಗಿಲ್ಲ. ಡೀಸೆಲ್‌ನ್ಯಾಗ ತೊಳದು ಗ್ರೀಸ್ ಎಲ್ಲಾ ತಗದು ಒರಸಿ ಬೆರಳಿಗೆ ಹಾಕ್ಕೊಂಡು ಒಂದ ಏಟು ಕೊಟ್ರ ಸುಂಯ್ ಅಂತ ತಿರಗತೈತಿ, ಗ್ರೀಸ್ ಇದ್ರ ಅಷ್ಟು ತಿರಗಂಗಿಲ್ಲ. ಪ್ಯಾಟ್ಯಾಗ ಸ್ಪಿನ್ನರ್ ಅಂತ ಮಾರ್ತಿದ್ರಲ್ಲ, ಅದರ ಹೊಟ್ಟ್ಯಾಗೂ ಬೇರಿಂಗ್ ಐತಿ, ಮ್ಯಾಲ ಬರೇ ಪ್ಲಾಸ್ಟಿಕ್ ಅಂಗಿ. ಗಾಡಿ ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಗಾಲಿ ತಿರುವಿ ಕಡ್ಡಿ ನೋಡ್ಕೋತ ಕುಂದ್ರತೀನಿ, ಮಂದಿ ಗಾಲಿ ಔಟ್ ನೋಡಾಕತ್ತಾನ ಅಂತ ತಿಳಿತಾರ 😀 ನನಗ ಕೆಲಸದಾಗ ಯಾವ ತ್ರಾಸೂ ಇಲ್ಲ.

ತ್ರಾಸ ಇದ್ದದ್ದು ಬಾಯಿಂದು. ನನಗ ಬಾಯಾಗ ಏನರ ಅಗಿಯಾಕ ಇರಬೇಕು. ಸಣ್ಣಂವ ಇದ್ದಾಗ ಅಂಗಿ ಕಾಲರ್, ಪೆನ್ಸಿಲ್ ತುದಿ, ಕೈಚೀಲದ ಬಾರು ಎಲ್ಲಾ ತಿಂದು ಹೊಡತಾ ತಿಂದೇನಿ. ಹದಿನಾರಕ್ಕ ಗ್ಯಾರೇಜ್ ಸೇರಿದಾಗ ಅಲ್ಲಿ ಎಲ್ಲಾರೂ ಗುಟ್ಕಾ. ಯಾರೂ ಬೈಯಂಗಿಲ್ಲ, ಅಗದಷ್ಟು ಅಗಿ. ಕಾಲರ್ ಅಗಿದ್ರ ಹುಚ್ಚ, ಗುಟ್ಕಾ ಅಗಿದ್ರ ಗಂಡಸು. ಒಂಬತ್ತು ವರ್ಷ ತಿಂದೆ. ಬರಬರ್ತ ಬಾಯಿ ತೆರಿಯೋದ ಕಮ್ಮಿ ಆತು, ಮೂರು ಬೆರಳು ಹೋಗೋ ಜಾಗದಾಗ ಎರಡೂ ಹೋಗವಲ್ವು, ಖಾರ ಮುಟ್ಟಿದ್ರ ಬೆಂಕಿ. ದಾಕ್ತರು ಅಡಕಿಯಿಂದ ಹಿಂಗಾಗೇತಿ, ಮುಂದ ಕ್ಯಾನ್ಸರ್ ತನಕ ಹೋಗಬಹುದು ಅಂದ್ರು. ಅವ್ರಿಗೆ ನಾ ಹೇಳಿದ್ದು ಒಂದ ಮಾತು, ನಿಶಾಕ್ಕಲ್ರಿ ಸಾಹೇಬ್ರ, ಅಗಿಯಾಕ. ಅವ್ರಿಗೆ ತಿಳಿಲಿಲ್ಲ.

ಈಗ ಒಣಕೊಬ್ಬರಿ ತುಂಡು ಕಿಸೇದಾಗ, ಮುಂಜಾನೆ ಬೇವಿನ ಕಡ್ಡಿ, ಮಧ್ಯಾನ ಹುರದ ಬಟಾಣಿ. ತಲಬು ನಿಶಾದ್ದಾಗಿದ್ರ ಇಷ್ಟಕ್ಕ ಬಿಡತಿತ್ತೇನು? ನನಗ ಬಿಡ್ತು. ಹಂಗಂತ ಸಸಾರ ಇರಲಿಲ್ಲ, ತಂಬಾಕಿಂದು ಬ್ಯಾರೆ ಕಾಟ, ಎರಡ ಸಲ ಮತ್ತ ತಿಂದೇನಿ.

ಓಟಿ_ಕೆಲಸದಾಕಿ, ಹುಬ್ಬಳ್ಳಿ

ನನಗ ಆಟಿಸಂ ಇಲ್ಲ, ಒಕ್ಯುಪೇಷನಲ್ ಥೆರಪಿ, ಅಂದ್ರ ದಿನದ ಕೆಲಸ ತಾವ ಮಾಡ್ಕೊಳ್ಳಿಕ್ಕೆ ನೆರವಾಗೋ ಚಿಕಿತ್ಸಾ, ನನ್ನ ಕೆಲಸ, ಹನ್ನೊಂದು ವರ್ಷ ಆತು. ಇಷ್ಟೊತ್ತು ಸುಮ್ನ ಓದಲಿಕತ್ತಿದ್ದೆ. ಬಸಣ್ಣ ಹೇಳಿದ್ದು ನಮಗ ಕ್ಲಾಸಿನ್ಯಾಗ ಯಾರೂ ಹೇಳಿಲ್ಲ, ಆದ್ರ ಕೇಳಿದ ಕೂಡ್ಲೆ ಹೌದಲ್ಲ ಅನಿಸ್ತು. ಅಗಿಯುವಾಗ ದವಡಿ ಕೀಲಿಗೆ, ಸ್ನಾಯುಕ್ಕ ಒತ್ತಡ ಬೀಳ್ತದ. ಕೀಲು ಸ್ನಾಯುಗಳಿಂದ ಮೆದುಳಿಗೆ ಹೋಗೋ ಸುದ್ದಿ ಭಾಳ ಮಂದಿಗೆ ಮೈ ಶಾಂತ ಮಾಡ್ತದ, ಭಾರ ಎತ್ತೋದು, ಗ್ವಾಡಿ ದಬ್ಬೋದು, ಬಿಗಿಯಾಗಿ ಹೊಚ್ಕೊಳ್ಳೋದು ಎಲ್ಲಾ ಅದ ಜಾತಿ. ತೂಗೋದು, ತಿರಗೋದು ಕಿವಿ ಒಳಗಿನ ಸಮತೋಲದ ಅಂಗಕ್ಕ ಸಂಬಂಧಿಸಿದ್ದು. ನಾಗರಪಂಚಮಿ ಜೋಕಾಲಿ ಮ್ಯಾಲ ಕೂತ್ರ ಹೆಂಗನಸ್ತದ ನೆನಪ ಮಾಡ್ಕೋರಿ, ಕೆಲವ್ರಿಗೆ ಅದು ದಿನಾ ಬೇಕು.

ಒಂದೆರಡು ಕಡೆ ಮಾತ್ರ ಹುಷಾರು ಇರ್ರಿ. ತಲಿ ಗ್ವಾಡಿಗೆ ಬಡಕೊಳ್ಳೋದು, ಕೈ ಕಚ್ಚಿಕೊಳ್ಳೋದು, ಚರ್ಮ ರಕ್ತ ಬರೂತನಕ ಕೆರಕೊಳ್ಳೋದು, ಇವು ಒಮ್ಮೆಲೇ ಹೊಸದಾಗಿ ಶುರು ಆದ್ರ ಮದಲ ಹಲ್ಲು, ಕಿವಿ, ಹೊಟ್ಟಿ ತೋರಸ್ರಿ. ಮಾತು ಬರದವ್ರು ನೋವನ್ನ ಹಿಂಗ ಹೇಳೋದುಂಟು. ಮತ್ತ ಬ್ಯಾಡ ಅಂದ್ರೂ ಕಣ್ಣು ಪಿಳಿಪಿಳಿ, ಕುತಗಿ ಝಾಡಸೋದು ತಾನ ಬರ್ತದ, ಬರೋಕಿಂತ ಮದಲ ಒಳಗ ಒಂದು ತುರತ ಅನಸ್ತದ ಅಂದ್ರ ಅದು ಟಿಕ್ ಇರಬಹುದು. ಮೂರು ಸಲ ಮುಟ್ಟಲಿಲ್ಲ ಅಂದ್ರ ಮನ್ಯಾಗ ಯಾರಿಗೋ ಏನರ ಆಗ್ತದ ಅಂತ ಅಂಜಿಕಿ ಇದ್ರ ಅದು ಓಸಿಡಿ, ಅಂದ್ರ ಗೀಳಿನ ಕಾಯಿಲೆ ಕಡೆ. ಹೊರಗಿಂದ ನೋಡಿದ್ರ ಸ್ಟಿಮಿಂಗ್, ಟಿಕ್, ಓಸಿಡಿ ಮೂರೂ ಒಂದ ಕಾಣಸ್ತಾವ, ಉಪಚಾರ ಬ್ಯಾರೆ ಬ್ಯಾರೆ. ದೊಡ್ಡವ್ರೂ ತೋರಸ್ಬಹುದ್ರಿ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಅಂದ್ರ ಬರೇ 'ಆ ದವಾಖಾನಿ' ಅಂತ ಹೆದರೋದು ಇನ್ನೂ ಹೋಗಿಲ್ಲ ನಮ್ಮ ಮಂದ್ಯಾಗ.

ರಾಣೆಬೆನ್ನೂರ_ಅವ್ವ

ಮೇಡಂ, ನೀವು ಇದೀರಿ ಅಂತ ಕೇಳ್ತೀನಿ. ನನ್ನ ಸಣ್ಣ ಮಗಗ 19. ಮಾತು ಕಮ್ಮಿ, ಮೊಬೈಲ್‌ನ್ಯಾಗ ಬರದು ತೋರಸ್ತಾನ. ಖುಷಿ ಆದ್ರೂ ತ್ರಾಸ ಆದ್ರೂ ಎರಡೂ ಕೈ ಎದಿ ಮಟ ಎತ್ತಿ ಪಟಪಟ ಝಾಡಸ್ತಾನ, ಪಾರಿವಾಳ ಹಾರಿದಂಗ. ದೊಡ್ಡ ಮಗನ ಮದುವಿ ಐತಿ, ಬೀಗರು ಇನ್ನೂ ಇವನ್ನ ಸರಿಯಾಗಿ ನೋಡಿಲ್ಲ. ನಮ್ಮನಿಯವ್ರು ಮದುವಿ ಒಳಗರ ಕೈ ನಿಲ್ಲಸ್ಲಿ, ಏನರ ಔಷಧ ಕೊಡಸು ಅಂತಾರ. ಸಣ್ಣಂವ ಇದ್ದಾಗ ಒಂದು ಸೆಂಟರಿಗೆ ಹಾಕಿದ್ವಿ, ಅಲ್ಲಿ ಕೈ ಎತ್ತಿದ ಕೂಡ್ಲೆ ಹಿಡದು ಟೇಬಲ್ ಮ್ಯಾಲ ಒತ್ತತಿದ್ರು, 'ಕೈ ಸುಮ್ನ, ಕೈ ಸುಮ್ನ' ಅಂತ. ಎಂಟು ತಿಂಗಳಿಗೆ ಕೈ ನಿಂತ್ವು. ನಾನು ಪೇಡೆ ಹಂಚೀನಿ. ಆಮ್ಯಾಲ ತನ್ನ ಗದ್ದಕ್ಕ ತಾನ ಗುದ್ದಕೊಳ್ಳಾಕ ಹತ್ತಿದ. ಎರಡಕ್ಕೂ ಸಂಬಂಧ ಐತಿ ಅಂತ ಆವಾಗ ನನಗ ಹೊಳಿಲಿಲ್ರಿ.

ಓಟಿ_ಕೆಲಸದಾಕಿ, ಹುಬ್ಬಳ್ಳಿ

ಅಕ್ಕಾರ, ಕೈ ನಿಲ್ಲಸೋ ಔಷಧ ಅಂತ ಯಾವುದೂ ಇಲ್ಲ. ಯಾರರ ಕೊಡ್ತೀನಿ ಅಂದ್ರ ಯಾಕ, ಯಾತಕ್ಕ ಅಂತ ಬರಸ್ಕೊಂಡು ಕೇಳ್ರಿ. ಆ ಟೇಬಲ್ ಪದ್ಧತಿ ಹಳೇದು. 1960ರ ದಶಕದಾಗ ಅಮೆರಿಕಾದ ಲೋವಾಸ್ ಅನ್ನೋ ಮನಶಾಸ್ತ್ರಜ್ಞರು ಮಕ್ಕಳಿಗೆ ಕರೆಂಟ್ ಶಾಕ್ ಕೊಟ್ಟು ಸುದ್ದಾ ಇಂಥಾವನ್ನ ಬಿಡಸ್ಲಿಕ್ಕೆ ನೋಡಿದ್ರು. ನಮ್ಮ ಕಸಬಿನವ್ರು ಅದನ್ನ ಒಪ್ಪಿ ನಡದದ್ದೂ ಅದ, ಅದಕ್ಕ ನಾಚಿಕಿ ಆಗ್ತದ. ಮದುವಿಗೆ ಏನ್ ಮಾಡಬೇಕು ಅನ್ನೋದನ್ನ ಮಗನ್ನ ಕೇಳಿರೇನು?

ರಾಣೆಬೆನ್ನೂರ_ಅವ್ವ

ಅವನ್ನ? ಇಲ್ರಿ. ಕೇಳಿಲ್ಲ.

ಹುಲಕೋಟಿ_ಬೀಡ

ರೈತ್ರಪಾ ನಾವು, ನಡಕ ಬರಾಕತ್ತೇನಿ. ನನಗ 52. ಬಿಗಿ ಹಿಡಿಯೋದರ ಮಾತು ಬಂತಲ್ಲ, ದನದ ದವಾಖಾನಿ ಮುಂದ ಕಬ್ಬಿಣದ ಪೈಪಿನ ಚೌಕಟ್ಟು ಇರ್ತೈತಿ ನೋಡ್ರಿ, ಎತ್ತು ಒಳಗ ಹೊಗಿಸಿ ಸೂಜಿ ಹಾಕ್ತಾರ. ಅಮೆರಿಕಾದಾಗ ಅದಕ್ಕ ಎರಡೂ ಬಗಲಿಂದ ಒತ್ತೋ ಹಲಗಿ ಇರ್ತಾವಂತ. ಟೆಂಪಲ್ ಗ್ರ್ಯಾಂಡಿನ್ ಅಂತ ಒಬ್ಬ ಹೆಣ್ಮಗಳು ಅದಾರ, ಆಟಿಸಂ ಇದ್ದವ್ರು, ದನದ ಶಾಸ್ತ್ರದ ದೊಡ್ಡ ಪ್ರೊಫೆಸರ್. ಸಣ್ಣಾಕಿ ಇದ್ದಾಗ ಅತ್ತಿಯವರ ದನದ ಫಾರ್ಮಿನ್ಯಾಗ ಹಲಗಿ ಒತ್ತಿದ ಕೂಡ್ಲೆ ದನ ತಣ್ಣಗಾಗೋದು ನೋಡಿ, ತಾನೂ ಒಳಗ ಹೊಕ್ಕು ನೋಡಿ, 18ನೇ ವಯಸ್ಸಿಗೆ ಮನಷ್ಯಾರಿಗೆ ಅಂಥಾದ್ದ ಒಂದು ಯಂತ್ರ ತಾನ ಮಾಡ್ಕೊಂಡ್ರು. ಮಗಳು ಮೊಬೈಲ್‌ನ್ಯಾಗ ತೋರಸಿದ್ಲು. ನಾ ಅಂದೆ, ನಾನೂ ಹತ್ತಿ ಅಂಡಗಿ ನಡಕ ಹೊಕ್ಕು ಮಕ್ಕೋತಿದ್ನೆಲ್ಲ ಅಂತ. ಎರಡು ಅಂಡಗಿ ಸಂದ್ಯಾಗ ಹೊಕ್ಕು ಉಸರು ಬಿಟ್ರ ಅರಮನಿ.

ನಮ್ಮಜ್ಜ ಕೊರಳಾಗಿನ ಬೆಳ್ಳಿ ಕರಡಗಿ ಹೆಬ್ಬೆರಳಿಂದ ದಿನಾ ತಿಕ್ಕಿ ತಿಕ್ಕಿ ಒಂದ ಬಾಜು ಕನ್ನಡಿ ಆಗಿತ್ತು. ಅವರಿಗೆ ಭಾಳ ಭಕ್ತಿ ಅಂತಿದ್ರು ಊರಾಗ. ಅಜ್ಜ ಯಾರ ಮಾರಿನೂ ನೋಡ್ತಿರಲಿಲ್ಲ, ಬರೇ ಮಳಿ ಲೆಕ್ಕಾ ಹೇಳ್ತಿದ್ದ, ಯಾವ ವರ್ಷ ಯಾವ ಮಳಿ ಎಷ್ಟು ದಿನಾ ಅಂತ. ಈಗ ಅನಸ್ತೈತಿ, ಏನಿತ್ತೋ ಏನೋ.

ಬೆಟಗೇರಿ_ದಡಿ, ಗದಗ

ಕಾಕಾರ ಮಾತು ಖರೆ. ಜಪಮಣಿ ಎಣಿಸಿದ್ರ ಭಕ್ತ, ಚಾವಿ ಎಣಿಸಿದ್ರ ಹುಚ್ಚ. ಚಾವಿ ಅಣ್ಣಾರ, ರುದ್ರಾಕ್ಷಿ ಸರ ಒಂದು ಹಿಡ್ಕೋರಿ ನೋಡೂಣು, ಮಾಲಕ್ರು ಕೈ ಮುಗಿತಾರ.

ಚಾವಿಗೊಂಚಲ, ಹುಬ್ಬಳ್ಳಿ

ಅದನ್ನ ಮಾಡಿ ನೋಡೇನಿ ಅಕ್ಕಾರ! ಮಣಿ ಎಲ್ಲಾ ಒಂದ ನಮೂನಿ ಇರ್ತಾವು, ನನಗ ಒಂಬತ್ತೂ ಬ್ಯಾರೆ ಬ್ಯಾರೆ ಬೇಕು. ಮತ್ತ ಮಂದಿ ಬಂದು ಯಾವ ಸ್ವಾಮ್ಯಾರ ಕಡೆ ದೀಕ್ಷಾ ಅಂತ ಕೇಳಾಕ ಹತ್ತಿದ್ರು, ಅದಕ್ಕ ಉತ್ತರಾ ಕೊಡೋದು ಇನ್ನೊಂದು ತ್ರಾಸ.

ಸವಣೂರ_ಎಲಿ

ಬಸಣ್ಣಂದು ಓದಿ ಸುಮ್ನಾದೆ. ಆದ್ರ ನನ್ನ ಮಾತು ಅಷ್ಟಕ್ಕ ಬಿಡಂಗಿಲ್ಲ. ಇದು ಸಹಜ ಅಂತ ನೀವ ಅಂತೀರಿ, ಅಂದಮ್ಯಾಲ ಅಂಗವಿಕಲರ ಸರ್ಟಿಫಿಕೇಟ್ ಯಾಕ ಬೇಕು?

ಮೂಕಪೆನ್ನು, ಧಾರವಾಡ

ಬೇಕಾಗ್ತದ್ರಿ. 1995ರ ಅಂಗವಿಕಲರ ಕಾಯ್ದೆದಾಗ ಇದ್ದದ್ದು 7 ನಮೂನಿ, ಅದ್ರಾಗ ಆಟಿಸಂ ಇರಲೇ ಇಲ್ಲ. 2016ರ ಕಾಯ್ದೆ ಬಂದಾಗ 21 ಆದ್ವು, ಆವಾಗ ಸೇರ್ತು. ಕಾಗದ ಇದ್ರ ಕೆಲಸದ ಜಾಗಾದಾಗ ನನಗ ಇಷ್ಟು ಅನುಕೂಲ ಮಾಡಿಕೊಡ್ರಿ ಅಂತ ಕೇಳ್ಲಿಕ್ಕೆ ಒಂದು ಆಧಾರ.

ಆದ್ರ ಅದರಾಗೂ ಒಂದು ತಮಾಷಿ ಅದ. ನಮ್ಮ ದೇಶದಾಗ ಆಟಿಸಂ ಎಷ್ಟರಮಟ್ಟಿಗೆ ಅದ ಅಂತ ಅಳಿಯೋದು ಇಸಾ (ISAA) ಅನ್ನೋ ಪ್ರಶ್ನಿ ಪಟ್ಟಿಯಿಂದ, 40 ಪ್ರಶ್ನಿ, ಒಂದೊಂದಕ್ಕ 1ರಿಂದ 5 ಅಂಕ, 70ರಿಂದ ಸೌಮ್ಯ ಆಟಿಸಂ, 107ರಿಂದ ಮಧ್ಯಮ, 153 ದಾಟಿದ್ರ ತೀವ್ರ. ಅದ್ರಾಗ ಕೈ ಮೈ ಒಂದ ನಮೂನಿ ಆಡಿಸ್ತಾರೇನು ಅನ್ನೋದೂ ಒಂದು ಪ್ರಶ್ನಿ. ಇಪ್ಪತ್ತೆಂಟು ವರ್ಷ ಮನ್ಯಾಗ ಸಾಲ್ಯಾಗ ಬೈದು ಹೊಡದು ಬಿಡಿಸಿದ್ದು ಅಲ್ಲಿ ಹೋಗಿ ತೋರಿಸಬೇಕು. ನಾ ರೂಢಿ ಪ್ರಕಾರ ಕೈ ಕಟ್ಟಿಕೊಂಡು ಅಚ್ಚುಕಟ್ಟಾಗಿ ಕೂತಿದ್ದೆ, ಕಾಣಲಿಲ್ಲ ಅಂತ ಬರಕೊಂಡ್ರು. ಅವ್ವ ನಡಕ ಬಾಯಿ ಹಾಕಿ 'ಇಲ್ರಿ ಸಾಹೇಬ್ರ, ಮನ್ಯಾಗ ಭಾಳ ಮಾಡ್ತಾಳ, ನಾನ ಮಾಡಬ್ಯಾಡ ಅಂತ ಹೇಳಿ ಕರಕೊಂಡ್ ಬಂದೀನಿ' ಅಂದ್ಲು. ಕನ್ಯಾ ನೋಡ್ಲಿಕ್ಕೆ ಬಂದಾಗ ಮುಚ್ಚಿಟ್ಟಾಕಿ ಇಲ್ಲಿ ಸಾಕ್ಷಿ ಹೇಳಿದ್ಲು. ನಗಬೇಕೋ ಅಳಬೇಕೋ ತಿಳಿಲಿಲ್ಲ.

ಬೇರಿಂಗ್_ಬಸ್ಯಾ, ಹಾವೇರಿ

ನಿಮ್ಮವ್ವಗ ಒಂದು ನಮಸ್ಕಾರ ಹೇಳ್ರಿ.

ರಾತ್ರಿ ನಿದ್ದಿಗೆ ಯಾರರ ಏನರ ಮಾಡ್ತೀರೇನು? ಆನ್‌ಲೈನ್‌ದಾಗ ಭಾರದ ಕಂಬಳಿ ಅಂತ ಮಾರ್ತಾರ, ಗಾಜಿನ ಮಣಿ ತುಂಬಿದ್ದು, ರೇಟ್ ನೋಡಿ ಬಂದ್ ಮಾಡಿದೆ. ನನಗ ತೂಗಿದ್ರ ನಿದ್ದಿ ಬರ್ತೈತಿ, ಆದ್ರ ಹೆಂಡ್ತಿಗೆ ಮಂಚ ಕಿರಗುಟ್ಟಿದ್ರ ಎಚ್ಚರ ಆಕ್ಕೈತಿ.

ಬೆಟಗೇರಿ_ದಡಿ, ಗದಗ

ಬಸಪ್ಪಾ, ಕೌದಿ ಹೊಲಸ್ಕೋ ತಮ್ಮಾ! ಹಳೇ ಸೀರಿ ಏಳೆಂಟು ಪದರು ಹಾಕಿ ಒತ್ತಾಗಿ ದಾರಾ ಹಾಕಿಸು. ಕಾಟನ್ ಸೀರಿನ ಇರಬೇಕು, ನಡಕ ಒಂದು ಜಮಖಾನಿ ಇಟ್ರ ಇನ್ನೂ ಭಾರ. ಮ್ಯಾಲಿನ ಹೊಲಿಗಿ ಸಾಲು ಬೆರಳಿಗೆ ಸಿಗ್ತಾವ, ಕತ್ತಲಾಗ ಎಣಿಸ್ಕೋತ ಹೋಗು. ನಮ್ಮ ಅತ್ತಿ ಹೊಲದಿದ್ದು ಮೂಲ್ಯಾಗ ತ್ರಿಕೋನದ್ದು ತ್ಯಾಪಿ ಐತಿ, ನನ್ನ ಮಗಗೂ ನನಗೂ ಆ ಮೂಲಿಗೆ ಜಗಳ.

ಓಟಿ_ಕೆಲಸದಾಕಿ, ಹುಬ್ಬಳ್ಳಿ

ಕೌದಿ ಛಲೋ. ಮಾರಿ ಮುಚ್ಚಬ್ಯಾಡ್ರಿ, ಸಣ್ಣ ಮಕ್ಕಳಿಗೆ ಭಾರದ್ದು ಹೊಚ್ಚಬ್ಯಾಡ್ರಿ, ದಮ್ಮು ಇದ್ದವ್ರು ಡಾಕ್ಟರ್‌ನ ಕೇಳ್ರಿ. ತಾವ ತಗದು ಒಗಿಲಿಕ್ಕೆ ಬರಬೇಕು, ಅಷ್ಟ.

ಚಾವಿಗೊಂಚಲ, ಹುಬ್ಬಳ್ಳಿ

ನನ್ನ ಹತ್ರ ಅಮ್ಮನ ಕೌದಿ ಐತಿ, ಎಷ್ಟು ಭಾರ ಅಂತ ನೋಡಿಲ್ಲ. ನೋಡಿ ಹೇಳ್ತೀನಿ.

ಅಂಗಡಿ ಸುದ್ದಿ ಹೇಳಬೇಕಲ್ಲ. ಇವತ್ತು ಮಾಲಕ್ರ ಮುಂದ ಆ 81 ಚೀಲದ ಹಾಳಿ ಇಟ್ಟೆ. ಮಾತಾಡಾಕ ಬರವಲ್ದಾಗಿತ್ತು, ಅದಕ್ಕ ಚೀಟಿ ಬರದು ಒಯ್ದಿದ್ದೆ, ಚಾವಿ ಕೈಯಾಗ ಇದ್ರ ಲೆಕ್ಕಾ ತಪ್ಪಂಗಿಲ್ರಿ ಅಂತ. ಅವ್ರು ಆ ಹಾಳಿ ಮೂರು ಸಲ ನೋಡಿದ್ರು. 63 ಚೀಲ ಮೆಣಸಿನಕಾಯಿ ರೊಕ್ಕ ಎಷ್ಟು ಅಂತ ಅವ್ರಿಗೆ ಬಾಯಾಗ ಲೆಕ್ಕಾ ಬರ್ತೈತಿ! ಆಮ್ಯಾಲ ಹೇಳಿದ್ರು, ಚಾವಿ ತರ್ಪಾ, ಸಪ್ಪಳ ಅಷ್ಟ ಕಮ್ಮಿ ಮಾಡು. ಈಗ ಒಂದೊಂದು ಚಾವಿ ಕುತಗಿಗೆ ಸೈಕಲ್ ಟ್ಯೂಬಿನ ರಬ್ಬರ್ ಕತ್ತರಿಸಿ ಸುತ್ತೇನಿ. ಸಪ್ಪಳ ಹೋತು, ಹಿಡಿಯಾಕ ಮೆತ್ತಗ. ಟ್ರಂಕಿನ ಚಾವಿಗೆ ಮಾತ್ರ ಸುತ್ತಿಲ್ಲ.

ರಾಣೆಬೆನ್ನೂರ_ಅವ್ವ

ಮೇಡಂ, ಕೇಳಿದೆ. ಮದುವಿಗೆ ನಿನಗ ಏನ್ ತ್ರಾಸ ಆಕ್ಕೈತಿ ಹೇಳಪಾ ಅಂತ. ಅರ್ಧಾ ತಾಸು ಮೊಬೈಲ್ ಹಿಡ್ಕೊಂಡು ಕುಂತ. ಆಮ್ಯಾಲ ಬರದು ತೋರಸಿದ, 'ಶಹನಾಯಿ ಬ್ಯಾಡ. ಡೊಳ್ಳು ನಡಿತೈತಿ. ಅಕ್ಕಿ ಕಾಳು ಮೈಮ್ಯಾಲ ಬಿದ್ರ ಚುಚ್ಚತಾವ. ನಾನು ಉಗ್ರಾಣದಾಗ ಇರ್ತೀನಿ, ಅಣ್ಣಗ ಹೇಳು.' ಅಷ್ಟ. ಕೈ ಬಗ್ಗೆ ಏನೂ ಬರದಿಲ್ಲ. ಹತ್ತೊಂಬತ್ತು ವರ್ಷ ನಾವು ಕೈ ನೋಡ್ಕೋತ ಕುಂತಿದ್ವಿ. ಶಹನಾಯಿಯವ್ರಿಗೆ ಮುಂಗಡ ಕೊಟ್ಟಾಗೇತಿ, ನಮ್ಮನಿಯವ್ರು ಫೋನ್ ಮಾಡಾಕತ್ತಾರ.

ಮೂಕಪೆನ್ನು, ಧಾರವಾಡ

ಉಗ್ರಾಣದಾಗ ಡೊಳ್ಳಿನ ಸಪ್ಪಳ ನೆಲದಿಂದ ಬರ್ತದ, ಬರಿಗಾಲಿಲೆ ನಿಂತ್ರ ಭಾಳ ಛಲೋ ಇರ್ತದ. ಅವಗ ಹೇಳ್ರಿ ಅಕ್ಕಾರ.

ಚಾವಿಗೊಂಚಲ, ಹುಬ್ಬಳ್ಳಿ

ಬಸಣ್ಣಾ, ಕೌದಿ ಅಂಗಡಿಗೆ ಒಯ್ದು ಕಾಟಾದ ಮ್ಯಾಲ ಇಟ್ಟೆ, ಹಮಾಲರೆಲ್ಲಾ ನೋಡಿ ನಕ್ರು. 4 ಕಿಲೋ 300 ಗ್ರಾಂ.